ನಿಮಗಿದು ಗೊತ್ತೇ? ಟವರ್ ಇಲ್ಲಿ, ತಲೆ ಎಲ್ಲಿ?

● "ಟವರ್ ಸಿಗ್ತಿಲ್ಲ" ಎನ್ನುತ್ತ ಫೋನ್ ಹಿಡಿದು ತಾರಸಿ ಹತ್ತುತ್ತೇವಲ್ಲ, ಆ ಟವರ್ ಬರೀ ಕಬ್ಬಿಣದ ಕಂಬ. ಬಹಳಷ್ಟು ಕಡೆ ಅದು ಮೊಬೈಲ್ ಕಂಪನಿಯ ಸ್ವಂತದ್ದೂ ಅಲ್ಲ. ಟವರ್ ಕಂಪನಿಯವರು ಕಂಬ ನಿಲ್ಲಿಸಿ, ಎರಡು ಮೂರು ಮೊಬೈಲ್ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟಿರುತ್ತಾರೆ. ನಮ್ಮಲ್ಲಿ ಈ ವ್ಯವಹಾರದ ದೊಡ್ಡ ಹೆಸರು ಇಂಡಸ್ ಟವರ್ಸ್, ಹುಟ್ಟಿದ್ದು 2007ರಲ್ಲಿ. ನಿಮ್ಮ ಫೋನಿನ ಜೊತೆ ಮಾತಾಡುವುದು ತುದಿಯಲ್ಲಿ ಕಟ್ಟಿರುವ ರೇಡಿಯೊ ಮತ್ತು ಆಂಟೆನಾ. ಯೋಚನೆ ಮಾಡುವುದು ಬುಡದಲ್ಲಿರುವ ಪೆಟ್ಟಿಗೆ, ಬೇಸ್‌ಬ್ಯಾಂಡ್ ಘಟಕ. ಯಾರ ಫೋನಿಗೆ ಯಾವ ಕ್ಷಣ ಎಷ್ಟು ಜಾಗ, ಗದ್ದಲದಲ್ಲಿ ಕೆಟ್ಟು ಬಂದ ಬಿಟ್‌ಗಳನ್ನು ರಿಪೇರಿ ಮಾಡುವುದು ಹೇಗೆ, ಎಲ್ಲ ಲೆಕ್ಕವೂ ಅದರದ್ದೇ. ಆ ತಲೆಯನ್ನು ಬುಡದಿಂದ ಕಿತ್ತು, ಹತ್ತಾರು ಟವರ್‌ಗಳ ತಲೆಗಳನ್ನು ಒಂದೇ ಕಡೆ ಸೇರಿಸಿ, ಸರ್ವರ್‌ಗಳಲ್ಲಿ ಓಡುವ ಸಾಫ್ಟ್‌ವೇರ್ ಮಾಡಿಬಿಟ್ಟರೆ ಅದಕ್ಕೆ ಕ್ಲೌಡ್ ರಾನ್ ಎಂದು ಹೆಸರು. ರಾನ್ ಎಂದರೆ ರೇಡಿಯೊ ಆಕ್ಸೆಸ್ ನೆಟ್‌ವರ್ಕ್, ನಿಮ್ಮ ಕಿವಿಯಿಂದ ಕಂಪನಿಯ ಮುಖ್ಯ ಜಾಲದ ಹೊಸ್ತಿಲವರೆಗಿನ ದಾರಿ.

● ಹಳೆಯ ಕಾಲದ ತಾಣಗಳಲ್ಲಿ ರೇಡಿಯೊ ಕೂಡ ಕೆಳಗಿನ ಕೋಣೆಯಲ್ಲೇ ಇರುತ್ತಿತ್ತು. ಅಲ್ಲಿಂದ ತುದಿಯ ಆಂಟೆನಾಗೆ ದಪ್ಪನೆಯ ಕೋಆಕ್ಸಿಯಲ್ ಕೇಬಲ್. ಎತ್ತರದ ಕಂಬವಾದರೆ ಮೇಲೆ ತಲುಪುವಷ್ಟರಲ್ಲಿ ಅರ್ಧದಷ್ಟು ಶಕ್ತಿ ಕೇಬಲ್ಲಿನಲ್ಲೇ ಬಿಸಿಯಾಗಿ ಹೋಗುವುದು ಮಾಮೂಲಿ. ಅದಕ್ಕೇ ರೇಡಿಯೊವನ್ನೇ ಮೇಲೆ ಕಟ್ಟಿ, ಕೆಳಗಿನಿಂದ ಅದಕ್ಕೆ ಕೂದಲೆಳೆಯಂಥ ಫೈಬರ್ ಎಳೆದರು. 2003ರಲ್ಲಿ ಎರಿಕ್ಸನ್, ಹುವಾವೇ, ಎನ್‌ಇಸಿ, ನಾರ್ಟೆಲ್ ಮತ್ತು ಸೀಮೆನ್ಸ್ ಸೇರಿಕೊಂಡು ಈ ಫೈಬರಿನಲ್ಲಿ ಹರಿಯುವ ಮಾತಿಗೆ ಒಂದು ನಿಯಮ ಬರೆದವು. ಅದರ ಹೆಸರು ಸಿಪಿಆರ್‌ಐ, ಬಿಡಿಸಿದರೆ 'ಕಾಮನ್ ಪಬ್ಲಿಕ್ ರೇಡಿಯೊ ಇಂಟರ್‌ಫೇಸ್'. ಸಾರ್ವಜನಿಕ ಎಂಬುದು ಹೆಸರಿಗೆ ಮಾತ್ರ. ಒಂದು ಕಂಪನಿಯ ರೇಡಿಯೊವನ್ನು ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಎರಡೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ಆದರೆ ಫೈಬರ್ ಎಳೆದ ಮೇಲೆ ಒಂದು ತರಲೆ ಪ್ರಶ್ನೆ ಹುಟ್ಟಿತು. ನಲವತ್ತು ಮೀಟರ್ ಎಳೆದದ್ದನ್ನು ಹತ್ತು ಕಿಲೋಮೀಟರ್ ಎಳೆದರೆ ಯಾರು ಬೇಡವೆನ್ನುತ್ತಾರೆ?

● ಈ ಪ್ರಶ್ನೆಯನ್ನು ದೊಡ್ಡ ದನಿಯಲ್ಲಿ ಕೇಳಿದ್ದು ಚೀನಾ ಮೊಬೈಲ್ ಕಂಪನಿಯ ಸಂಶೋಧನಾ ಸಂಸ್ಥೆ, 2010ರಲ್ಲಿ. 'ಸಿ-ರಾನ್' ಎಂಬ ಹೆಸರಿನ ಅದರ ಶ್ವೇತಪತ್ರದಲ್ಲಿ 'ಸಿ' ಅಕ್ಷರಕ್ಕೆ ಒಂದಲ್ಲ, ನಾಲ್ಕು ಅರ್ಥ: ಸೆಂಟ್ರಲೈಸ್ಡ್, ಕೊಲ್ಯಾಬರೇಟಿವ್, ಕ್ಲೌಡ್, ಕ್ಲೀನ್. ಕೊನೆಯ 'ಕ್ಲೀನ್' ಅಲಂಕಾರಕ್ಕೆ ಬಂದದ್ದಲ್ಲ, ಅಸಲು ತಲೆನೋವು ಅದೇ. ಕಂಪನಿ ಉರಿಸುತ್ತಿದ್ದ ವಿದ್ಯುತ್ತಿನಲ್ಲಿ ಶೇ. 72ರಷ್ಟು ಬೇಸ್ ಸ್ಟೇಷನ್‌ಗಳ, ಅಂದರೆ ಟವರ್ ತಾಣಗಳ, ಹೊಟ್ಟೆಗೆ ಹೋಗುತ್ತಿತ್ತು. ಅದರಲ್ಲೂ ರೇಡಿಯೊ ಉಪಕರಣಗಳು ತಿನ್ನುತ್ತಿದ್ದದ್ದು ಅರ್ಧ ಮಾತ್ರ. ಮಿಕ್ಕರ್ಧ ಆ ಕೋಣೆಯನ್ನು ತಣ್ಣಗಿಡುವ ಎಸಿ ಮತ್ತಿತರ ಸಲಕರಣೆಗಳಿಗೆ. ಸಾವಿರ ಕೋಣೆಗಳಿಗೆ ಸಾವಿರ ಎಸಿ ಯಾಕೆ, ತಲೆಗಳನ್ನೆಲ್ಲ ಒಂದೇ ಕೋಣೆಯಲ್ಲಿಟ್ಟು ಅಲ್ಲೊಂದು ಎಸಿ ಹಾಕಿದರೆ ಸಾಲದೇ? ಕ್ಲೌಡ್ ರಾನ್ ಹುಟ್ಟಿದ್ದು ಕರೆಂಟ್ ಬಿಲ್ಲಿನಿಂದ.

● ಈ ಕೆಲಸದ ಮುಂಚೂಣಿಯಲ್ಲಿ ನಿಂತವರಲ್ಲಿ ಒಬ್ಬರು ಚೀನಾ ಮೊಬೈಲ್‌ನ ಮುಖ್ಯ ವಿಜ್ಞಾನಿಯಾಗಿದ್ದ ಚಿಹ್-ಲಿನ್ ಈ. ಇಂಗ್ಲಿಷಿನಲ್ಲಿ ಬರೆದರೆ ಅವರ ಮನೆತನದ ಹೆಸರು ಒಂದೇ ಅಕ್ಷರ. ಕನ್ನಡದಲ್ಲೂ ಒಂದೇ!

● ಎಸಿಯ ಮಾತು ಬಂತಲ್ಲ, ನಮ್ಮ ಕಿತ್ತೂರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಿಲ್ಲ. 1984ರಲ್ಲಿ ಶುರುವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದೇ ಒಂದು ಪುಟ್ಟ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ತಯಾರಿಸಿತು. 128 ಲೈನುಗಳದ್ದು. ಅದರ ಮೊದಲ ನೆಲೆ ಬೆಳಗಾವಿ ಜಿಲ್ಲೆಯ ಕಿತ್ತೂರು, 1986ರಲ್ಲಿ. ವಿದೇಶಿ ಎಕ್ಸ್‌ಚೇಂಜ್‌ಗಳು ತಂಪು ಕೋಣೆ ಇಲ್ಲದೆ ಬದುಕುತ್ತಿರಲಿಲ್ಲ. ಕಿತ್ತೂರಿನ ಪೆಟ್ಟಿಗೆಯನ್ನು ಎಸಿ ಇಲ್ಲದೆಯೇ, ನಮ್ಮ ಸೆಕೆ ಧೂಳು ಎಲ್ಲ ಸಹಿಸಿಕೊಂಡು ನಡೆಯುವಂತೆ ರೂಪಿಸಿದ್ದರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಸಿ-ಡಾಟ್ ಈ ಕಥೆಗೆ ಮತ್ತೆ ಬರುತ್ತದೆ.

● ಬೆಂಗಳೂರಿನ ಇಲೆಕ್ಟ್ರಾನಿಕ್ ಸಿಟಿಯಲ್ಲಿ ಹಗಲೆಲ್ಲ ಜನ, ಜನದ ಕೈಯಲ್ಲೆಲ್ಲ ಫೋನ್. ರಾತ್ರಿಯಾದರೆ ಆ ಗದ್ದಲ ಮನೆಗಳಿರುವ ಬಡಾವಣೆಗಳಿಗೆ ಹರಿದುಹೋಗುತ್ತದೆ. ಇಂಜಿನಿಯರುಗಳು ಇದಕ್ಕಿಟ್ಟ ಹೆಸರು 'ಉಬ್ಬರವಿಳಿತ'. ಹಳೆಯ ಪದ್ಧತಿಯಲ್ಲಿ ಎರಡೂ ಕಡೆಯ ಪೆಟ್ಟಿಗೆಗಳನ್ನು ಅಲ್ಲಲ್ಲಿನ ಅತಿ ಜಾಸ್ತಿ ಗದ್ದಲಕ್ಕೆ ತಕ್ಕಂತೆ ಕೊಳ್ಳಬೇಕು. ರಾತ್ರಿ ಇಲ್ಲಿಯದು ಸುಮ್ಮನೆ ಕೂತಿರುತ್ತದೆ, ಹಗಲು ಅಲ್ಲಿಯದು. ಇಬ್ಬರಿಗೂ ಒಂದೇ ತಲೆಯಿದ್ದರೆ ಅದು ಹಗಲು ಒಬ್ಬರ ಮನೆ, ರಾತ್ರಿ ಇನ್ನೊಬ್ಬರ ಮನೆ ದುಡಿಯಬಹುದು.

● ಹೀಗೆ ಒಟ್ಟುಗೂಡಿಸಿದರೆ ಎಷ್ಟು ಲಾಭ? ಇದರ ಲೆಕ್ಕ ಕ್ಲೌಡ್‌ಗಿಂತ ನೂರು ವರ್ಷ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಅರ್ಲಾಂಗ್ 1909ರಲ್ಲಿ ಈ ವಿಷಯದ ಮೊದಲ ಲೇಖನ ಬರೆದರು, 1917ರಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಸೂತ್ರ ಕೊಟ್ಟರು. ಅದರಂತೆ ನೋಡಿ. ಹತ್ತು ಲೈನುಗಳ ಒಂದು ಗುಂಪಿದೆ, ನೂರು ಕರೆಗಳಲ್ಲಿ ಒಂದಕ್ಕೆ ಮಾತ್ರ 'ಬ್ಯುಸಿ' ಎನ್ನಬಹುದು ಎಂಬುದು ಷರತ್ತು. ಹತ್ತು ಲೈನುಗಳಿದ್ದರೂ ಸರಾಸರಿ ಹೊರಬಹುದಾದ ಭಾರ ಬರೀ 4.46 ಕರೆ. ಅಂಥ ಹತ್ತು ಗುಂಪುಗಳನ್ನು ಬೇರೆ ಬೇರೆ ಇಟ್ಟರೆ ಒಟ್ಟು 44.6. ಅದೇ ನೂರು ಲೈನುಗಳನ್ನು ಒಂದೇ ಗುಂಪು ಮಾಡಿದರೆ 84! ಒಂದು ತಂತಿಯನ್ನೂ ಹೊಸದಾಗಿ ಎಳೆಯದೆ ಹೆಚ್ಚುಕಡಿಮೆ ಇಮ್ಮಡಿ. ಬ್ಯಾಂಕಿನಲ್ಲಿ ಕೌಂಟರಿಗೊಂದು ಸಾಲು ಮಾಡುವ ಬದಲು ಎಲ್ಲರಿಗೂ ಒಂದೇ ಸಾಲು ಮಾಡಿದರೆ ಬೇಗ ಮುಗಿಯುತ್ತದಲ್ಲ, ಅದೇ ಗುಟ್ಟು.

ಎರಿಕ್ಸನ್ ಕಂಪನಿಯವರು 1980ರ ದಶಕದಲ್ಲಿ ತಾವು ಕಟ್ಟಿದ ಒಂದು ಪ್ರೋಗ್ರಾಮಿಂಗ್ ಭಾಷೆಗೆ ಈ ಅರ್ಲಾಂಗರ ಹೆಸರನ್ನೇ ಇಟ್ಟರು. ನೀವು ಬೆಳಿಗ್ಗೆ 'ಶುಭೋದಯ' ಕಳಿಸುವ ವಾಟ್ಸ್ಆ್ಯಪ್‌ನ ಸರ್ವರ್‌ಗಳು ಬೆಳೆದದ್ದು ಆ ಭಾಷೆಯಲ್ಲಿ.

● ಹಾಗಾದರೆ ರಾಜ್ಯದ ಎಲ್ಲ ಟವರ್‌ಗಳ ತಲೆಯನ್ನೂ ಬೆಂಗಳೂರಿನ ಒಂದು ಕಟ್ಟಡದಲ್ಲಿ ಇಟ್ಟುಬಿಡಬಹುದೇ? ಆಗುವುದಿಲ್ಲ. ಅಡ್ಡ ನಿಲ್ಲುವುದು ಹಣವಲ್ಲ, ಬೆಳಕು. 4ಜಿಯಲ್ಲಿ ಫೋನ್ ಒಂದು ತುಣುಕು ಕಳಿಸಿದರೆ, ಅದು ಸರಿಯಾಗಿ ಮುಟ್ಟಿತೋ ಇಲ್ಲವೋ ಎಂಬ ಉತ್ತರ ನಾಲ್ಕನೆಯ ಮಿಲಿಸೆಕೆಂಡಿಗೆ ಸರಿಯಾಗಿ ಬರಲೇಬೇಕು. ಹೆಚ್ಚುಕಡಿಮೆ ಇಲ್ಲ. ಕೇಳಿಸಿಕೊಳ್ಳುವುದಕ್ಕೇ ಒಂದು ಮಿಲಿಸೆಕೆಂಡು ಹೋಯಿತು. ಉಳಿದದ್ದರಲ್ಲಿ ಬಹುಪಾಲು ಲೆಕ್ಕ ಮಾಡುವುದಕ್ಕೆ ಬೇಕು. ದಾರಿ ಸವೆಸಲು ಮಿಗುವುದು ಮಿಲಿಸೆಕೆಂಡಿನ ಕಾಲುಭಾಗದ ಆಸುಪಾಸು. ಫೈಬರಿನ ಗಾಜಿನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು 5 ಮೈಕ್ರೊಸೆಕೆಂಡು ಬೇಕು. ಇಪ್ಪತ್ತು ಕಿಲೋಮೀಟರ್ ಹೋಗಿ ಇಪ್ಪತ್ತು ಕಿಲೋಮೀಟರ್ ಬಂದರೆ 200 ಮೈಕ್ರೊಸೆಕೆಂಡು, ಅಂದರೆ ಮಿಲಿಸೆಕೆಂಡಿನ ಐದನೇ ಒಂದು ಭಾಗ. ಅಲ್ಲಿಗೆ ಹಗ್ಗ ಮುಗಿಯಿತು. ಮೆಜೆಸ್ಟಿಕ್‌ನಿಂದ ಇಲೆಕ್ಟ್ರಾನಿಕ್ ಸಿಟಿಗೆ ಹೋಗುವಷ್ಟು ದೂರ. ಮೈಸೂರಿನ ಟವರ್‌ಗೆ ಬೆಂಗಳೂರಿನ ತಲೆ ಆಗಿಬರುವುದಿಲ್ಲ.

ಮೋಡ ಎಂದೊಡನೆ ಎಲ್ಲೋ ಆಕಾಶದಲ್ಲಿ ತೇಲುವುದು ಎಂದುಕೊಳ್ಳುತ್ತೇವೆ. ಟವರ್‌ನ ಮೋಡಕ್ಕೆ ಮಾತ್ರ ಕೊರಳಲ್ಲಿ ಇಪ್ಪತ್ತು ಕಿಲೋಮೀಟರಿನ ಹಗ್ಗ ಕಟ್ಟಿದೆ. ನಿಮ್ಮ ಸಿನಿಮಾ, ನಿಮ್ಮ ಫೋಟೊ ಅಮೆರಿಕದಿಂದಲೇ ಬರಲಿ, ಅಡ್ಡಿಯಿಲ್ಲ. ಫೋನಿಗೂ ಟವರ್‌ಗೂ ನಡುವಿನ ಆ 'ಮುಟ್ಟಿತಾ?' 'ಮುಟ್ಟಿತು' ಎಂಬ ಪಿಸುಮಾತು ಮಾತ್ರ ಅಷ್ಟು ಹೊತ್ತು ಕಾಯುವುದಿಲ್ಲ.

● ಇನ್ನೊಂದು ಅಡ್ಡಿ ಆ ಫೈಬರಿನ ಹೊಟ್ಟೆಬಾಕತನ. ಈ ಲೆಕ್ಕ ಕೊಂಚ ನಿಧಾನಕ್ಕೆ ನೋಡೋಣ, ಮಜವಿದೆ. 4ಜಿಯ 20 ಮೆಗಾಹರ್ಟ್ಸ್ ಅಗಲದ ತರಂಗಪಟ್ಟಿ, ಎರಡು ಆಂಟೆನಾ. ರೇಡಿಯೊ ಸೆಕೆಂಡಿಗೆ 3 ಕೋಟಿ 7 ಲಕ್ಷದ 20 ಸಾವಿರ ಸಲ ತರಂಗವನ್ನು ಅಳೆಯುತ್ತದೆ. ಪ್ರತಿ ಸಲಕ್ಕೂ ಎರಡು ಸಂಖ್ಯೆ, ಪ್ರತಿ ಸಂಖ್ಯೆಗೂ 15 ಬಿಟ್, ಎರಡು ಆಂಟೆನಾಗೆ ಇಮ್ಮಡಿ. ಅದರ ಮೇಲೆ ನಿಯಂತ್ರಣದ ಬಿಟ್‌ಗಳು, ತಂತಿಯ ಸಂಕೇತದ ಖರ್ಚು. ಕೂಡಿದರೆ ಸೆಕೆಂಡಿಗೆ 2.4576 ಗಿಗಾಬಿಟ್. ಇಷ್ಟೆಲ್ಲ ಮಾಡಿ ಗ್ರಾಹಕರಿಗೆ ಸಿಗುವ ಗರಿಷ್ಠ ವೇಗ ಎಷ್ಟು ಗೊತ್ತೇ? 150 ಮೆಗಾಬಿಟ್. ಒಂದು ಸೇರು ಅಕ್ಕಿ ಸಾಗಿಸಲು ಹದಿನಾರು ಸೇರಿನ ಚೀಲ!

ಅದಕ್ಕಿಂತ ವಿಚಿತ್ರವೆಂದರೆ, ನಡುರಾತ್ರಿ ಎರಡು ಗಂಟೆಗೆ ಒಬ್ಬನೂ ಫೋನ್ ಮುಟ್ಟದಿದ್ದರೂ ಸಿಪಿಆರ್‌ಐ ಫೈಬರಿನಲ್ಲಿ ಅದೇ 2.4576 ಗಿಗಾಬಿಟ್ ಹರಿಯುತ್ತಲೇ ಇರುತ್ತದೆ. ನಿಶ್ಶಬ್ದವನ್ನೂ ಅದು ಅಳೆದು, ಕಟ್ಟಿ, ಕಳಿಸುತ್ತದೆ.

● 5ಜಿಗೆ ಬಂದಾಗ ಈ ಪದ್ಧತಿ ಪೂರ್ತಿ ಮುರಿದುಬಿತ್ತು. 100 ಮೆಗಾಹರ್ಟ್ಸ್ ಪಟ್ಟಿ, 64 ಆಂಟೆನಾಗಳ ಫಲಕ. ಅದೇ ಲೆಕ್ಕ ಹಾಕಿದರೆ ಮೇಲುಖರ್ಚು ಸೇರಿಸದೆಯೇ ಸೆಕೆಂಡಿಗೆ ಸುಮಾರು 236 ಗಿಗಾಬಿಟ್. ಅದೂ ಕಂಬದ ಒಂದೇ ದಿಕ್ಕಿಗೆ. ಸಾಮಾನ್ಯವಾಗಿ ಕಂಬಕ್ಕೆ ಮೂರು ದಿಕ್ಕು.

● ಅದಕ್ಕೆ ಕಂಡುಕೊಂಡ ಉಪಾಯ, ತಲೆಯನ್ನು ಪೂರ್ತಿ ಕೀಳಬೇಡಿ, ಸೀಳಿ! ಮೊಬೈಲ್ ಜಾಲದ ನಿಯಮ ಬರೆಯುವ 3ಜಿಪಿಪಿ ಕೂಟ 2017ರ ವರದಿಯೊಂದರಲ್ಲಿ ಎಲ್ಲೆಲ್ಲಿ ಸೀಳಬಹುದೆಂದು ಎಂಟು ಜಾಗ ಗುರುತು ಹಾಕಿತು. ಎಂಟನೆಯದು ರೇಡಿಯೊಗೆ ಅತಿ ಹತ್ತಿರದ್ದು, ಅದು ಹಳೆಯ ಸಿಪಿಆರ್‌ಐ ಪದ್ಧತಿ. ಇಂದು ಹೆಚ್ಚು ಚಲಾವಣೆಯಲ್ಲಿರುವ ಸೀಳಿನ ಹೆಸರು '7.2ಎಕ್ಸ್'. ಒಂದಿಷ್ಟು ಗಣಿತವನ್ನು ಮೇಲಿನ ರೇಡಿಯೊವೇ ಮುಗಿಸಿ, ನಿಜವಾಗಿ ಬೇಕಾದದ್ದನ್ನಷ್ಟೇ ಕೆಳಕ್ಕೆ ಕಳಿಸುತ್ತದೆ. 236 ಗಿಗಾಬಿಟ್ ಬೇಡಿದ ಜಾಗದಲ್ಲಿ 25 ಗಿಗಾಬಿಟ್ ಫೈಬರ್ ಸಾಕಾಗುತ್ತದೆ, ಗದ್ದಲ ಕಡಿಮೆಯಿದ್ದರೆ ಹರಿವೂ ಕಡಿಮೆ. ಹಾಗೆ ಒಂದು ತಲೆ ಮೂರಾಯಿತು. ಕಂಬದ ಮೇಲೆ ಆರ್‌ಯು (ರೇಡಿಯೊ ಯೂನಿಟ್). ಹಗ್ಗದಳತೆಯೊಳಗೆ, ಅವಸರದ ಕೆಲಸಕ್ಕೆ ಡಿಯು (ಡಿಸ್ಟ್ರಿಬ್ಯೂಟೆಡ್ ಯೂನಿಟ್). ಅವಸರವಿಲ್ಲದ ಕೆಲಸಕ್ಕೆ ಸಿಯು (ಸೆಂಟ್ರಲ್ ಯೂನಿಟ್). ಇದು ನೂರು ಕಿಲೋಮೀಟರ್ ಆಚೆಗಿದ್ದರೂ ನಡೆಯುತ್ತದೆ.

● ನಮ್ಮ ಮನೆಗಳಲ್ಲಿ ನಡೆದ ಕಥೆಯೇ ಮೊಬೈಲ್ ಜಾಲದಲ್ಲೂ ನಡೆದಿದೆ. 2ಜಿ ಕಾಲ ಅವಿಭಕ್ತ ಕುಟುಂಬ: ಹತ್ತಾರು ಬೇಸ್ ಸ್ಟೇಷನ್‌ಗಳಿಗೆ ಒಬ್ಬ ಯಜಮಾನ, ಬಿಎಸ್‌ಸಿ. 3ಜಿಯಲ್ಲೂ ಯಜಮಾನನಿದ್ದ, ಹೆಸರು ಆರ್‌ಎನ್‌ಸಿ. 4ಜಿ ಬಂದು ಯಜಮಾನಿಕೆಯನ್ನೇ ತೆಗೆದುಹಾಕಿತು. ಪ್ರತಿ ಟವರ್‌ಗೂ ಬೇರೆ ಒಲೆ, ಬೇರೆ ಸಂಸಾರ. ವೇಗ ಬೇಕಿದ್ದರೆ ಹಿರಿಯರನ್ನು ಕೇಳುತ್ತ ಕೂರಲಾಗದು ಎಂಬುದು ಆಗಿನ ವಾದ. ಈಗ ಸಿಯು ಎಂಬ ಹೆಸರಿನಲ್ಲಿ ಯಜಮಾನ ಮರಳಿ ಬಂದಿದ್ದಾನೆ.

● 4ಜಿ ವಾಣಿಜ್ಯ ಸೇವೆ ಜಗತ್ತಿನಲ್ಲಿ ಮೊದಲು ಶುರುವಾದದ್ದು 2009ರ ಡಿಸೆಂಬರಿನಲ್ಲಿ, ಸ್ಟಾಕ್‌ಹೋಮ್ ಮತ್ತು ಓಸ್ಲೊ ನಗರಗಳಲ್ಲಿ. ಭಾರತದಲ್ಲಿ 2012ರ ಏಪ್ರಿಲ್, ಕೋಲ್ಕತ್ತ. ಎರಡನೆಯ ಊರು ಬೆಂಗಳೂರು, ಮರುತಿಂಗಳೇ. ಆಗ ಡಾಂಗಲ್ ಸಿಕ್ಕಿಸಿಕೊಂಡು ಇಂಟರ್‌ನೆಟ್ ನೋಡಬಹುದಿತ್ತು, ಮಾತಾಡುವಂತಿರಲಿಲ್ಲ.

● ಬೇಸ್ ಸ್ಟೇಷನ್ ಎಂಬುದು ಸಾಮಾನ್ಯ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್ ಆಗಬಹುದು ಎಂದು ಚೀನಾ ಮೊಬೈಲ್‌ಗಿಂತ ಮೊದಲೇ ಮಾಡಿ ತೋರಿಸಿದವರು ಒಬ್ಬರಿದ್ದರು, ವಾನು ಬೋಸ್. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ ಬೋಸ್ ಅಮೆರಿಕಕ್ಕೆ ವಲಸೆ ಹೋದರು. ಅವರ ಮಗ ಅಮರ್ ಬೋಸ್ ಎಂಐಟಿಯಲ್ಲಿ ಪಾಠ ಹೇಳುತ್ತಲೇ ಜಗತ್ಪ್ರಸಿದ್ಧ 'ಬೋಸ್' ಸ್ಪೀಕರ್ ಕಂಪನಿ ಕಟ್ಟಿದರು. ಆ ಅಮರ್ ಅವರ ಮಗ ವಾನು. ಅಪ್ಪ ಕಿವಿಯ ಹಿಂದೆ ಬಿದ್ದರೆ ಮಗ ಗಾಳಿಯ ಹಿಂದೆ ಬಿದ್ದರು. ಎಂಐಟಿಯಲ್ಲಿ ಮಾಡಿದ ಸಂಶೋಧನೆಯನ್ನೇ ಬಂಡವಾಳ ಮಾಡಿಕೊಂಡು 1998ರಲ್ಲಿ ಕಂಪನಿ ತೆರೆದರು. ಲಿನಕ್ಸ್ ಸರ್ವರ್ ಮೇಲೆ ಓಡುವ ಅವರ ಜಿಎಸ್‌ಎಂ ಬೇಸ್ ಸ್ಟೇಷನ್‌ಗೆ 2004ರಲ್ಲಿ ಅಮೆರಿಕದ ಸಂವಹನ ಆಯೋಗ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ರೇಡಿಯೊಗೆ ಆ ಆಯೋಗದಿಂದ ಸಿಕ್ಕ ಮೊದಲ ಒಪ್ಪಿಗೆ ಅದು. ಜಗತ್ತು ಇನ್ನೂ 'ಕ್ಲೌಡ್' ಎಂಬ ಪದವನ್ನು ಬಾಯಿಪಾಠ ಮಾಡಿರಲಿಲ್ಲ. 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಟವರ್‌ಗಳನ್ನು ಮಲಗಿಸಿದಾಗ ಅಲ್ಲಿಗೆ ಬೇಸ್ ಸ್ಟೇಷನ್‌ಗಳನ್ನು ಕಳಿಸಿದರು. ಅದೇ ವರ್ಷ ನವೆಂಬರಿನಲ್ಲಿ, 52ನೆಯ ವಯಸ್ಸಿನಲ್ಲಿ ತೀರಿಕೊಂಡರು.

● ಸಾಫ್ಟ್‌ವೇರ್ ಆದ ಬೇಸ್ ಸ್ಟೇಷನ್ ಅತಿ ಹೆಚ್ಚು ಬೆವರು ಸುರಿಸುವುದು ತಪ್ಪು ತಿದ್ದುವುದರಲ್ಲಿ. 5ಜಿಯಲ್ಲಿ ನಿಮ್ಮ ಡೇಟಾವನ್ನು ಕಾಯುವುದು 'ಎಲ್‌ಡಿಪಿಸಿ' ಎಂಬ ಸಂಕೇತ. ಎಂಐಟಿಯ ರಾಬರ್ಟ್ ಗ್ಯಾಲಗರ್ 1960ರ ಸುಮಾರಿಗೆ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಬರೆದದ್ದು. ಅದನ್ನು ಓಡಿಸಬಲ್ಲ ಕಂಪ್ಯೂಟರು ಆಗ ಇರಲಿಲ್ಲ, ಹೆಚ್ಚೂಕಡಿಮೆ ಮೂವತ್ತು ವರ್ಷ ಅದು ಕಪಾಟಿನಲ್ಲೇ ಮಲಗಿತ್ತು. ನಿಯಂತ್ರಣದ ಸಂದೇಶಗಳನ್ನು ಕಾಯುವುದು 'ಪೋಲಾರ್' ಸಂಕೇತ, 2009ರಲ್ಲಿ ಅದನ್ನು ಪ್ರಕಟಿಸಿದವರು ಟರ್ಕಿಯ ಬಿಲ್ಕೆಂಟ್ ವಿಶ್ವವಿದ್ಯಾಲಯದ ಎರ್ದಾಲ್ ಆರಿಕನ್. ಈ ಆರಿಕನ್ ಎಂಐಟಿಯಲ್ಲಿ ಪಿಎಚ್‌ಡಿ ಮಾಡಿದ್ದು ಯಾರ ಕೈಕೆಳಗೆ? ಗ್ಯಾಲಗರ್! ನಿಮ್ಮ 5ಜಿ ಫೋನಿನೊಳಗೆ ಗುರು ಶಿಷ್ಯರಿಬ್ಬರೂ ಅಕ್ಕಪಕ್ಕ ಕೂತಿದ್ದಾರೆ.

ಈ ತಿದ್ದುವ ಕೆಲಸ ಸಾಮಾನ್ಯ ಪ್ರೊಸೆಸರ್‌ಗೆ ಎಷ್ಟು ಭಾರವೆಂದರೆ ಪಕ್ಕದಲ್ಲೊಂದು ಸಹಾಯಕ ಚಿಪ್ ಕೂರಿಸಬೇಕಾಯಿತು. ಇಂಟೆಲ್ 2023ರಲ್ಲಿ ಅದನ್ನು ತನ್ನ ಜಿಯಾನ್ ಪ್ರೊಸೆಸರಿನ ಒಳಗೇ ಸೇರಿಸಿತು. 'ಅಂಗಡಿಯಲ್ಲಿ ಸಿಗುವ ಮಾಮೂಲಿ ಸರ್ವರ್ ಸಾಕು' ಎಂದು ಮಾರಾಟಗಾರರು ಹೇಳುವುದನ್ನು ನಾನು ಹಾಗಾಗಿ ಕೊಂಚ ಅನುಮಾನದಿಂದಲೇ ಕೇಳುತ್ತೇನೆ.

● 5ಜಿಯ ಒಂದು 'ಸ್ಲಾಟ್' ಸಾಮಾನ್ಯವಾಗಿ ಅರ್ಧ ಮಿಲಿಸೆಕೆಂಡು. ಗಡುವಿನೊಳಗೆ ಲೆಕ್ಕ ಮುಗಿಯದಿದ್ದರೆ ಉತ್ತರ ಸರಿಯಿದ್ದರೂ ಕಸದ ಬುಟ್ಟಿಗೆ. ಮಾಮೂಲಿ ಲಿನಕ್ಸ್ ಇಂಥ ಗಡಿಯಾರಕ್ಕೆ ಒಗ್ಗುವುದಿಲ್ಲ, ನಡುವೆ ಬೇರೆ ಕೆಲಸಕ್ಕೆ ಎದ್ದು ಹೋಗಿಬಿಡುತ್ತದೆ. ಅದನ್ನು ಕಟ್ಟಿಹಾಕುವ 'ರಿಯಲ್ ಟೈಮ್' ತೇಪೆ ಇಪ್ಪತ್ತು ವರ್ಷ ಹೊರಗಡೆಯೇ ಕಾದು, 2024ರ ಸೆಪ್ಟೆಂಬರಿನಲ್ಲಿ ಲಿನಕ್ಸ್‌ನ ಮೂಲ ಕರ್ನಲ್‌ಗೆ ಸೇರಿತು. ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು ಮುದ್ರಿಸಿ, ಉಡುಗೊರೆಯ ಹಾಗೆ ಸುತ್ತಿ, ಲೀನಸ್ ಟೋರ್ವಾಲ್ಡ್ಸ್ ಅವರ ಕೈಗೇ ಕೊಟ್ಟಿದ್ದರು.

● ಈ ಸಾಫ್ಟ್‌ವೇರ್ ತುಂಡುಗಳನ್ನು ಯಾವ ಸರ್ವರಿನಲ್ಲಿ ಓಡಿಸಬೇಕು, ಬಿದ್ದರೆ ಯಾರು ಎಬ್ಬಿಸಬೇಕು ಎಂದು ನೋಡಿಕೊಳ್ಳುವುದು ಕುಬರ್ನೆಟಿಸ್. ಗ್ರೀಕ್ ಭಾಷೆಯಲ್ಲಿ ಅದರರ್ಥ ನಾವೆಯ ಚುಕ್ಕಾಣಿಗ.

● 5ಜಿ ಟವರ್‌ಗಳ ಗಡಿಯಾರ ಎಲ್ಲಕ್ಕೂ ಒಂದೇ ಆದ ಮಾನಕ ಸಮಯದಿಂದ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂವರೆ ಭಾಗಕ್ಕಿಂತ ಆಚೀಚೆ ಆಗಬಾರದು. ಭಾರತದ ಮುಖ್ಯ 5ಜಿ ಪಟ್ಟಿಯಲ್ಲಿ ಕಳಿಸುವುದೂ ಕೇಳುವುದೂ ಒಂದೇ ತರಂಗದಲ್ಲಿ, ಸರದಿಯ ಮೇಲೆ. ಒಂದು ಟವರ್ ಕೇಳುವ ಹೊತ್ತಿಗೆ ಪಕ್ಕದ್ದು ಕೂಗಿದರೆ ಎಲ್ಲ ಹಾಳು. ಒಂದೂವರೆ ಮೈಕ್ರೊಸೆಕೆಂಡಿನಲ್ಲಿ ಬೆಳಕು ಗಾಳಿಯಲ್ಲಿ ಹೋಗುವ ದೂರ 450 ಮೀಟರ್, ಪಕ್ಕದ ಬೀದಿಯಷ್ಟೇ.

● ದಕ್ಷಿಣ ಕೊರಿಯಾದ ಕೆಟಿ ಕಂಪನಿ 2012ರ ಜನವರಿಯಲ್ಲಿ 4ಜಿ ತೆರೆದಾಗಲೇ ತಲೆಗಳನ್ನು ಒಂದೆಡೆ ಸೇರಿಸುವ 'ವಾರ್ಪ್' ತಂತ್ರವನ್ನು ಹಿಡಿದಿತ್ತು. ಅದೇ ಕೆಟಿ ಕಂಪನಿಯ ಸೋಲ್ ನಗರದ ಆಹ್ಯನ್ ಶಾಖೆಯ ನೆಲದಡಿಯ ಕೇಬಲ್ ಸುರಂಗಕ್ಕೆ 2018ರ ನವೆಂಬರ್ 24ರಂದು ಬೆಂಕಿ ಬಿತ್ತು. ಟವರ್‌ಗಳು ನಿಂತಲ್ಲೇ ನಿಂತಿದ್ದವು, ಬೇರು ಮಾತ್ರ ಸುಟ್ಟಿತ್ತು. ನಗರದ ಪಶ್ಚಿಮ ಭಾಗದಲ್ಲಿ ಮೊಬೈಲ್ ಸತ್ತಿತು, ಇಂಟರ್‌ನೆಟ್ ಸತ್ತಿತು, ಅಂಗಡಿಗಳಲ್ಲಿ ಕಾರ್ಡ್ ಉಜ್ಜುವ ಯಂತ್ರ ಸತ್ತಿತು. ಎಲ್ಲ ಮೊಟ್ಟೆಗಳನ್ನೂ ಇಟ್ಟ ಬುಟ್ಟಿಗೆ ಎರಡು ಹಿಡಿ ಬೇಕು, ಎರಡೂ ಬೇರೆ ಬೇರೆ ದಿಕ್ಕಿನಿಂದ ಬರಬೇಕು ಎಂದು ಜಾಲ ಕಟ್ಟುವವರು ಫೈಬರ್ ದಾರಿಗಳನ್ನು ಜೋಡಿಯಾಗಿ ಎಳೆಯುವುದು ಇಂಥ ದಿನಗಳಿಗಾಗಿ.

● ಹಳೆಯ ಗಂಟುಮೂಟೆ ಏನೂ ಇಲ್ಲದೆ, ಮೊದಲ ದಿನದಿಂದಲೇ ಇಡೀ ದೇಶದ ಜಾಲವನ್ನು ಕ್ಲೌಡ್ ಮೇಲೆ ಕಟ್ಟುವ ಧೈರ್ಯ ಮಾಡಿದ್ದು ಜಪಾನಿನ ರಾಕುಟೆನ್. ಅದರ ಮೂಲ ಕಸುಬು ಆನ್‌ಲೈನ್ ಅಂಗಡಿ. 2020ರ ಏಪ್ರಿಲ್ 8ರಂದು ಜಪಾನಿನ ನಾಲ್ಕನೆಯ ಮೊಬೈಲ್ ಕಂಪನಿಯಾಗಿ ಪೂರ್ಣ ಸೇವೆ ತೆರೆಯಿತು, ಮೊದಲ 30 ಲಕ್ಷ ಗ್ರಾಹಕರಿಗೆ ಒಂದು ವರ್ಷ ಬಿಟ್ಟಿ. ಈ ಜಾಲವನ್ನು ರೂಪಿಸಿದ ತಾರೆಕ್ ಅಮೀನ್ ಅದಕ್ಕೂ ಮುಂಚೆ ಇದ್ದದ್ದು ನಮ್ಮ ರಿಲಯನ್ಸ್ ಜಿಯೋದಲ್ಲಿ. ರಾಕುಟೆನ್‌ನ ಭಾರತದ ನೆಲೆ ಇರುವುದು ಬೆಂಗಳೂರಿನಲ್ಲಿ. ಜಪಾನಿನ ಅದರ ಜಾಲದಲ್ಲಿ ಕಂಬದ ಮೇಲೆ ಆಂಟೆನಾ, ರೇಡಿಯೊ ಬಿಟ್ಟರೆ ಹೆಚ್ಚೇನಿಲ್ಲ. ಅವಸರದ ಲೆಕ್ಕದ ಸರ್ವರ್‌ಗಳನ್ನು ಅವರು ಊರೂರಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಕಟ್ಟಡಗಳಲ್ಲಿ ಬಾಡಿಗೆಗೆ ಜಾಗ ಹಿಡಿದು ಇಟ್ಟರು. ಇಪ್ಪತ್ತು ಕಿಲೋಮೀಟರಿನ ಹಗ್ಗ ನೆನಪಿದೆಯಲ್ಲ? ತಂತ್ರಜ್ಞಾನಕ್ಕೆ ಜಗತ್ತು ಚಪ್ಪಾಳೆ ತಟ್ಟಿತು. ಲೆಕ್ಕಪತ್ರ ಮಾತ್ರ ವರ್ಷಗಟ್ಟಲೆ ನಷ್ಟದ ಕೆಂಪು ಶಾಯಿಯಲ್ಲೇ ಇತ್ತು.

● ಅಮೆರಿಕದ ಡಿಶ್ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಡಿಗೆ ಮೋಡಕ್ಕೇ ಹೋಯಿತು. ಮುಖ್ಯ ಜಾಲವನ್ನೂ ಸಿಯುವನ್ನೂ ಅಮೆಜಾನಿನ ಕ್ಲೌಡ್ ಮೇಲಿಟ್ಟು, 2022ರ ಮೇ ತಿಂಗಳಲ್ಲಿ ಲಾಸ್ ವೇಗಸ್‌ನಿಂದ ಶುರು ಮಾಡಿತು. ಒಂದು ವರ್ಷದಲ್ಲಿ ದೇಶದ ಶೇ. 70 ಜನರಿಗೆ ಮುಟ್ಟಿತು. ಮುಂದೇನಾಯಿತು ಕೇಳಿ. 2025ರಲ್ಲಿ ಅದರ ಮಾತೃಸಂಸ್ಥೆ ಎಕೋಸ್ಟಾರ್ ತನ್ನ ತರಂಗಾಂತರದ ದೊಡ್ಡ ಪಾಲನ್ನು ಎಟಿ ಅಂಡ್ ಟಿಗೆ ಸುಮಾರು 2,300 ಕೋಟಿ ಡಾಲರಿಗೆ, ಇನ್ನೊಂದು ಪಾಲನ್ನು ಸ್ಪೇಸ್‌ಎಕ್ಸ್‌ಗೆ ಸುಮಾರು 1,700 ಕೋಟಿ ಡಾಲರಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಮನೆ ಚೆನ್ನಾಗಿ ಕಟ್ಟಿದ್ದರು, ಬೆಲೆ ಬಂದದ್ದು ಸೈಟಿಗೆ!

● ಜರ್ಮನಿಯ 1&1 ಕಂಪನಿ ರಾಕುಟೆನ್ ಕೈಹಿಡಿದು 2023ರ ಡಿಸೆಂಬರಿನಲ್ಲಿ ಇಂಥದ್ದೇ ಮೊಬೈಲ್ ಜಾಲ ತೆರೆಯಿತು. ಬ್ರಿಟನ್ನಿನಲ್ಲಿ ವೊಡಾಫೋನ್‌ನ ಮೊದಲ 5ಜಿ ಓಪನ್ ರಾನ್ ತಾಣ ಬಾತ್ ಊರಿನಲ್ಲಿ, 2022ರ ಜನವರಿಯಲ್ಲಿ.

● 'ಓಪನ್' ಎಂದೆನಲ್ಲ, ಅದರ ಹಿಂದಿರುವುದು ಓ-ರಾನ್ ಅಲಯನ್ಸ್. 2018ರ ಫೆಬ್ರುವರಿಯಲ್ಲಿ ಎಟಿ ಅಂಡ್ ಟಿ, ಚೀನಾ ಮೊಬೈಲ್, ಡಾಯ್ಚ ಟೆಲಿಕಾಮ್, ಎನ್‌ಟಿಟಿ ಡೊಕೊಮೊ ಮತ್ತು ಆರೆಂಜ್ ಸೇರಿ ಕಟ್ಟಿದ್ದು. ಒಬ್ಬರ ರೇಡಿಯೊ, ಇನ್ನೊಬ್ಬರ ಸಾಫ್ಟ್‌ವೇರ್, ಮತ್ತೊಬ್ಬರ ಸರ್ವರ್, ಮೂರೂ ಒಟ್ಟಿಗೆ ನಡೆಯಬೇಕು ಎಂಬುದು ಆಸೆ. ಏರ್‌ಟೆಲ್, ಜಿಯೋ ಕೂಡ ಸದಸ್ಯರು. ಸ್ಥಾಪಕರಲ್ಲೊಬ್ಬರಾದ ಎಟಿ ಅಂಡ್ ಟಿ 2023ರ ಡಿಸೆಂಬರಿನಲ್ಲಿ ತನ್ನ ಓಪನ್ ರಾನ್ ಗುತ್ತಿಗೆ ಕೊಟ್ಟಿತು. ಐದು ವರ್ಷಕ್ಕೆ ಸುಮಾರು 1,400 ಕೋಟಿ ಡಾಲರ್. ಗುತ್ತಿಗೆ ಸಿಕ್ಕಿದ್ದು ಹಳೆಯ ಹುಲಿ ಎರಿಕ್ಸನ್‌ಗೆ. ಬಾಗಿಲು ತೆರೆದರು, ಒಳಗೆ ಬಂದವರು ಮಾತ್ರ ಪರಿಚಿತರೇ.

● ಇನ್ನು ನಮ್ಮ ಮನೆಯ ಸುದ್ದಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಉದ್ಘಾಟನೆಯಾಯಿತು. 97,500ಕ್ಕೂ ಹೆಚ್ಚು ಟವರ್‌ಗಳು, ಸುಮಾರು 37,000 ಕೋಟಿ ರೂಪಾಯಿ. ಜಾಲದ ನಡುಭಾಗ ಸಿ-ಡಾಟ್‌ನದ್ದು, ಅದೇ ಕಿತ್ತೂರಿನ ಸಿ-ಡಾಟ್. ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. ಟವರ್‌ನ ರೇಡಿಯೊ ಮತ್ತು ತಲೆ? ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದ್ದು. 2000ದಲ್ಲಿ ಹುಟ್ಟಿದಾಗ ಅದು ಫೈಬರ್ ಉಪಕರಣಗಳ ಕಂಪನಿ. ಹುಟ್ಟುಹಾಕಿದವರಲ್ಲಿ ಒಬ್ಬರು ಅಮೆರಿಕದಲ್ಲಿ ಸೈಕಮೋರ್ ಕಟ್ಟಿ ಹೆಸರಾದ ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ. ಹುಬ್ಬಳ್ಳಿಯಿಂದ ಧಾರವಾಡ ದಾಟಿ ಹೆದ್ದಾರಿಯಲ್ಲಿ ಹೋದರೆ ಕಿತ್ತೂರು ದೂರವಿಲ್ಲ. ಈಗ ಟಾಟಾ ಸಮೂಹದಲ್ಲಿರುವ ತೇಜಸ್, 2022ರಲ್ಲಿ ಬೆಂಗಳೂರಿನದೇ ಸಾಂಖ್ಯ ಲ್ಯಾಬ್ಸ್ ಅನ್ನೂ ಕೊಂಡುಕೊಂಡಿತು. ಸಾಂಖ್ಯದ ಕಸುಬು ಸಾಫ್ಟ್‌ವೇರ್ ರೇಡಿಯೊ ಚಿಪ್.

● 2022ರ ಮೇ 17ರಂದು ತೆರೆದ ದೇಶದ 5ಜಿ ಪರೀಕ್ಷಾ ತಾಣವನ್ನು ಕಟ್ಟಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ನೋಕಿಯಾ, ಎರಿಕ್ಸನ್, ಸ್ಯಾಮ್‌ಸಂಗ್ ಮೂವರದ್ದೂ ಸಂಶೋಧನಾ ಕೇಂದ್ರ ಇದೇ ಊರಿನಲ್ಲಿದೆ. ಯುರೋಪಿನ ಯಾವುದೋ ಟವರ್‌ನ ತಲೆಯೊಳಗಿನ ಸಾಲೊಂದನ್ನು ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ತಡವಾಗಿ ಆಫೀಸು ತಲುಪಿದವರು ಬರೆದಿರುವುದು ಅಸಂಭವವೇನಲ್ಲ.

● ರಾತ್ರಿ ಟವರ್‌ನ ತಲೆ ಖಾಲಿ ಕೂರುತ್ತದಲ್ಲ, ಆಗ ಅದಕ್ಕೆ ಎಐ ಕೆಲಸ ಕೊಟ್ಟರೆ ಹೇಗೆ? ಇದು 2024ರ ಫೆಬ್ರುವರಿಯಲ್ಲಿ ಹುಟ್ಟಿದ ಎಐ-ರಾನ್ ಅಲಯನ್ಸ್‌ನ ತಲೆಯಲ್ಲಿರುವ ಯೋಚನೆಗಳಲ್ಲೊಂದು. 2025ರ ಅಕ್ಟೋಬರಿನಲ್ಲಿ ಎಐ ಚಿಪ್‌ಗಳ ಕಂಪನಿ ಎನ್ವಿಡಿಯಾ ನೋಕಿಯಾದಲ್ಲಿ 100 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಟವರ್ ಬುಡದಲ್ಲಿ ಅಷ್ಟು ದುಬಾರಿ ಚಿಪ್ ಇಟ್ಟು ಬೀಗ ಹಾಕಿ ಹೋಗುವ ಧೈರ್ಯ ಯಾರಿಗಿದೆ ಎಂಬುದು ನನ್ನ ಅನುಮಾನ. ನಮ್ಮಲ್ಲಿ ಟವರ್ ಬುಡದಿಂದ ಬ್ಯಾಟರಿಯೇ ಮಾಯವಾಗುತ್ತದೆ.

● ಕೊನೆಗೊಂದು ತಮಾಷೆ. ಎಲ್ಲೆಡೆ ಫೈಬರ್ ಇಲ್ಲ, ಹಗ್ಗ ಗಿಡ್ಡ. ಆದ್ದರಿಂದ ಇಂದಿನ ಬಹಳಷ್ಟು 'ಕ್ಲೌಡ್' ತಾಣಗಳಲ್ಲಿ ಡಿಯು ಸರ್ವರ್ ಕೂತಿರುವುದು ಎಲ್ಲಿ ಗೊತ್ತೇ? ಟವರ್ ಬುಡದಲ್ಲೇ, ಹಳೆಯ ಪೆಟ್ಟಿಗೆ ಇದ್ದ ಜಾಗದಲ್ಲೇ. ಡೇಟಾ ಸೆಂಟರಿನ ತಂಪಿನಲ್ಲಿ ಬೆಳೆದ ಸರ್ವರ್ ಅಲ್ಲಿ ಬದುಕಬೇಕಲ್ಲ, ಅದಕ್ಕೆಂದೇ ಡೆಲ್ 2023ರಲ್ಲಿ ಎಕ್ಸ್‌ಆರ್8000 ಎಂಬ ಗಟ್ಟಿ ಸರ್ವರ್ ತಂದಿತು. ಅದು ಮೈನಸ್ 20ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆದುಕೊಳ್ಳುತ್ತದಂತೆ, ಕಿತ್ತೂರಿನ ಆ 128 ಲೈನಿನ ಪೆಟ್ಟಿಗೆಯ ಹಾಗೆ, ತಂಪು ಕೋಣೆಯ ಹಂಗಿಲ್ಲದೆ.